ಬಿಸಿನೀರಿನ ಮೂರ್ಛೆ

ದೀಪಾವಳಿಯ ಅಭ್ಯಂಜನಕ್ಕೆಂದು ಹಂಡೆಯ ನೀರು ಕಾಯುತ್ತಿರುವ ಮುಂಜಾವಿನಲ್ಲಿ ಲೋಕಿಕೆರೆಯಂತಹ ಊರಿನ ಯಾವ ಬಚ್ಚಲಿನಲ್ಲಾದರೂ ನಡೆಯಬಹುದಾದ ಸಂಗತಿಯಿದು. ತಾಯಿಯು ಮಗನ ನೆತ್ತಿಗೆ ತಂಬಿಗೆ ತಂಬಿಗೆಯಾಗಿ ಬಿಸಿನೀರೆರೆಯುತ್ತಿರುವಳು. ಹುಡುಗನು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿ, ದೃಷ್ಟಿಯನ್ನು ಎಲ್ಲಿಯೋ ನೆಟ್ಟು, ಬೇಡವೆಂದರೂ ತಾನೇ ನೀರು ಸುರಿದುಕೊಳ್ಳತೊಡಗುವನು. ಬಳಿಕ ಕೈಕಾಲು ಸೆಟೆದು ಬೀಳುವನು. ಮನೆಯವರು ಗಾಳಿ ಸೋಕಿತೆನ್ನುವರು. ಕೈಗೆ ಬೀಗದಕೈ ಹಿಡಿಸುವರು.

ಗಾಳಿಯೂ ಅಲ್ಲ, ದೆವ್ವವೂ ಅಲ್ಲ. ಇದು ಬಿಸಿನೀರಿನ ಮೂರ್ಛೆರೋಗವು. ಇದರ ವರದಿಯು 1945ರಲ್ಲಿ ನ್ಯೂಜಿಲೆಂಡಿನಿಂದ ಬಂದಿತಾದರೂ, 1968ರಲ್ಲಿ ಡಾಕ್ಟರ್ ಕೆ. ಎಸ್. ಮಣಿಯವರೂ ಅವರ ಸಹೋದ್ಯೋಗಿಗಳೂ ನಮ್ಮ ದೇಶದ ರೋಗಿಗಳನ್ನು ಕುರಿತು ಬರೆದ ಮೇಲೆ, ಕರ್ನಾಟಕದಲ್ಲಿ ಇದು ವಿರಳವಲ್ಲವೆಂಬುದು ತಿಳಿದುಬಂದಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಇದನ್ನು ಬಹುಕಾಲ ಅಭ್ಯಸಿಸಿರುವರು. 40ರಿಂದ 50 ಡಿಗ್ರಿಯವರೆಗೆ ಕಾದ ನೀರು ತಲೆಯ ಮೇಲೆ ಬಿದ್ದಾಗ ಕೆಲವರ ಮಿದುಳು ಕೆರಳುವುದು. ನೀರನ್ನು ಉಗುರುಬೆಚ್ಚಗೆ ಮಾಡಿದರೆ ಎಷ್ಟೋ ಮಂದಿಗೆ ಅಷ್ಟೇ ಸಾಕು. ಸಾಲದವರಿಗೆ ಸ್ನಾನಕ್ಕೆ ಮೊದಲು ನುಂಗುವ ಕ್ಲೋಬಜಾಮ್ ಮಾತ್ರೆಯನ್ನು ವೈದ್ಯರು ಕೊಡುವರು.

ಇತರ ವಿಧದ ಮೂರ್ಛೆಗಳಿಗೂ ಮಾತ್ರೆಯೇ ಮೊದಲು. ನಿಯಮವಾಗಿ ಸೇವಿಸಿದರೆ ಹತ್ತರಲ್ಲಿ ಏಳು ಮಂದಿಯವರೆಗೆ ಬಾಧೆ ಹತೋಟಿಗೆ ಬರುವುದು. ಎರಡು ಔಷಧಗಳಿಂದಲೂ ಗುಣ ಕಾಣದವರಿಗೆ, ಶಸ್ತ್ರಚಿಕಿತ್ಸೆಯೂ ಹೊಂದದಿದ್ದರೆ, ನರವನ್ನು ಚೋದಿಸುವ ಯಂತ್ರವೊಂದುಂಟು. ಗಡಿಯಾರದಷ್ಟಿರುವ ಅದನ್ನು ಎಡಗಡೆಯ ಕೊರಳೆಲುಬಿನ ಕೆಳಗೆ ಚರ್ಮದೊಳಗಿರಿಸಿ, ಅದರ ತಂತಿಯನ್ನು ಕುತ್ತಿಗೆಯ ವೇಗಸ್ ನರಕ್ಕೆ ಸುತ್ತುವರು. ವೇಗಸ್ ಎಂದರೆ ಲ್ಯಾಟಿನಿನಲ್ಲಿ ಅಲೆಮಾರಿ. ಮಿದುಳಿನಿಂದ ಹೊರಟು ಗಂಟಲು, ಹೃದಯ, ಹೊಟ್ಟೆಗಳನ್ನೆಲ್ಲ ಸುತ್ತಿಬರುವ ನರಕ್ಕೆ ಒಪ್ಪುವ ಹೆಸರೇ ಸರಿ! 1988ರಲ್ಲಿ ಅಮೆರಿಕೆಯಲ್ಲಿ ಮೊದಲ ರೋಗಿಗೆ ಇದನ್ನಿರಿಸಿದರು. 1997ರಲ್ಲಿ ಅಲ್ಲಿನ ಸರಕಾರವು ಅನುಮತಿಯಿತ್ತಿತು. ಸುಮಾರು ಅರ್ಧದಷ್ಟು ಮಂದಿಗೆ ಬಾಧೆಯು ಅರ್ಧಕ್ಕಿಳಿಯುವುದು. ಪೂರ್ಣ ಬಿಡುಗಡೆ ಸ್ವಲ್ಪ ಮಂದಿಗೆ ಮಾತ್ರ. ಸ್ವರ ಗೊಗ್ಗರಾಗುವುದುಂಟು. ವೆಚ್ಚವು ಲಕ್ಷಗಟ್ಟಲೆಯಾದುದರಿಂದ ಸಾಮಾನ್ಯ ಸಂಸಾರಸ್ಥನ ಕೈಗೆಟುಕುವಂತಹುದಲ್ಲವೆಂಬುದನ್ನು ಮರೆಮಾಚಲಾರೆವು.

ಎಡಗಡೆಗೇ ಏಕೆ? ಹೃದಯದ ಬಡಿತಕ್ಕೆ ತಾಳ ಹಾಕುವ ಸ್ಥಾನವನ್ನು ಬಲಗಡೆಯ ನರವು ಹೆಚ್ಚಾಗಿ ಆಳುವುದು. ಅದನ್ನು ಕೆಣಕಿದರೆ ಎದೆಬಡಿತವು ತೀರ ಮಂದವಾದೀತೆಂಬ ಭಯ. ಮೂರ್ಛೆಗೂ ಹೃದಯಕ್ಕೂ ಇನ್ನೊಂದು ನಂಟಿದೆ. ಬಡಿತವು ಕ್ಷಣಕಾಲ ತಪ್ಪಿ ಪ್ರಜ್ಞೆ ಹೋದವನೂ ಕೈಕಾಲು ಜಗ್ಗುವುದುಂಟು. ಅದನ್ನು ಮಿದುಳಿನ ರೋಗವೆಂದೇ ಭ್ರಮಿಸಿ ವರ್ಷಗಟ್ಟಲೆ ಮಾತ್ರೆ ನುಂಗಿಸಿದರೆ ಹೃದಯದ ರೋಗವು ಒಳಗೇ ಉಳಿದು ಪ್ರಾಣಕ್ಕೆರವಾದೀತು. ಆದುದರಿಂದ ಮೊದಲ ಸಲ ಮೂರ್ಛೆ ಬಂದವರನ್ನು ದಾವಣಗೆರೆಗೆ ಕರೆದೊಯ್ದಾಗ, ಹೃದಯದ ಇ.ಸಿ.ಜಿ.ಯನ್ನೂ ತೆಗೆಯಿಸಿರೆಂದು ಕೇಳಲು ಸಂಕೋಚಪಡಬೇಕಾದುದಿಲ್ಲ.

ಬಿದ್ದವರನ್ನು ಮಗ್ಗುಲಿಗೆ ಹೊರಳಿಸಿರಿ, ಬಾಯಿಗೆ ಏನನ್ನೂ ತುರುಕಬೇಡಿರಿ. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಸಾಗಿಸಿರಿ.

ಹೆಣ್ಣುಮಕ್ಕಳ ರೋಗವನ್ನು ಬಚ್ಚಿಡುವ ಮನೆಗಳು ಹಲವು. ಹಿಂದೂ ವಿವಾಹ ಕಾಯಿದೆಯಲ್ಲಿ ಮೂರ್ಛೆರೋಗವನ್ನು ಮದುವೆಗೆ ಅಡ್ಡಿಯೆಂದು ಎಣಿಸಿದ್ದ ಮಾತನ್ನು 1999ರಲ್ಲಿಯೇ ತೆಗೆದುಹಾಕಲಾಯಿತು. ವರಾನ್ವೇಷಣೆಗೆ ಹೊರಟ ನೆಂಟರಿಗೆ ಈ ವರ್ತಮಾನವು ಇನ್ನೂ ಮುಟ್ಟಿದಂತಿಲ್ಲ.