ಗಾಡಿಯ ಹಿಂದಿನಿಂದ ‘ಕೀಂಯ್’ ಸದ್ದು: ಶಾಕ್ ಬದಲಿಸುವ ಮೊದಲು ಮೂಲ ಹುಡುಕಿ

ಏಳು ಸೀಟಿನ ಗಾಡಿ. ಮನೆಮಂದಿಯೆಲ್ಲಾ ಕೂತು ಮದುವೆಗೋ ಆಸ್ಪತ್ರೆಗೋ ಹೊರಟರೆ ಯಾವ ಸದ್ದೂ ಇಲ್ಲ. ಮರುದಿನ ಒಬ್ಬರೇ ಓಡಿಸಿದರೆ ಪ್ರತಿ ಹಂಪ್‌ನಲ್ಲೂ ಹಿಂದಿನಿಂದ ‘ಕೀಂಯ್’ ಎನ್ನುತ್ತದೆ. ಗ್ಯಾರೇಜಿಗೆ ಒಯ್ದರೆ ಅಲ್ಲಿ ಸದ್ದು ಮಾಯ. ಎರಡು ಮೂರು ಸಲ ತಿರುಗಾಡಿಸಿದ ಮೇಲೆ ಯಾರೋ ಒಬ್ಬರು ‘ಶಾಕ್ ಹೋಗಿದೆ’ ಎಂದು ತೀರ್ಪು ಕೊಡುತ್ತಾರೆ. ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್ ಬದಲಾಗುತ್ತದೆ, ಸಾವಿರಾರು ರೂಪಾಯಿ ಬಿಲ್ ಆಗುತ್ತದೆ. ವಾರ ಕಳೆಯುವಷ್ಟರಲ್ಲಿ ಅದೇ ಸದ್ದು ವಾಪಸ್. ಮಂಗಳೂರಿನಿಂದ ಕಾಸರಗೋಡಿನವರೆಗಿನ ಕರಾವಳಿಯಲ್ಲಿ ಎಸ್‌ಯುವಿ ಇಟ್ಟುಕೊಂಡವರಿಗೆ ಇದು ಹೊಸ ಕಥೆಯೇನಲ್ಲ.

ದುಡ್ಡು ಹೋಗುವುದು ಒಂದು ನಷ್ಟ. ಇನ್ನೊಂದು ಅದಕ್ಕಿಂತ ದೊಡ್ಡದು. ಹಿಂದಿನಿಂದ ಬರುವ ಸದ್ದುಗಳಲ್ಲಿ ಹೆಚ್ಚಿನವು ನಿರುಪದ್ರವಿ. ಸೀಟು, ಬೆಲ್ಟು, ರಬ್ಬರು ಉಜ್ಜಿಕೊಳ್ಳುವಂಥವು. ಆದರೆ ನಾಲ್ಕೈದು ಸದ್ದುಗಳು ಮಾತ್ರ ಹಾಗಲ್ಲ. ಅವು ಬ್ರೇಕ್, ಸ್ಪ್ರಿಂಗ್, ಚಕ್ರದ ಬೇರಿಂಗ್, ಪ್ರೊಪೆಲ್ಲರ್ ಶಾಫ್ಟ್ ಮತ್ತು ಕೆಳಗೆ ತೂಗುವ ಸ್ಟೆಪ್ನಿಗೆ ಸಂಬಂಧಿಸಿದವು. ‘ಹಳೇ ಗಾಡಿ, ಸದ್ದು ಮಾಡ್ತದೆ ಬಿಡಿ’ ಎಂದು ಕಿವಿ ಮುಚ್ಚಿಕೊಂಡವರಿಗೆ ಈ ಎರಡರ ವ್ಯತ್ಯಾಸ ತಿಳಿಯುವುದೇ ಇಲ್ಲ.

ಈ ಸದ್ದು ಹುಟ್ಟುವುದು ಹೇಗೆ ಎಂದು ತಿಳಿದರೆ ಹುಡುಕುವುದು ಸುಲಭ. ಎರಡು ಮೇಲ್ಮೈಗಳು ಒತ್ತಿಕೊಂಡಿರುವಾಗ ಒಂದು ಸರಿಯಲು ಹೊರಟರೆ ಮೊದಲು ಅಂಟಿ ನಿಲ್ಲುತ್ತದೆ, ಬಲ ಹೆಚ್ಚಾದಾಗ ಫಕ್ಕನೆ ಜಾರುತ್ತದೆ, ಮತ್ತೆ ಅಂಟುತ್ತದೆ. ಸೆಕೆಂಡಿಗೆ ನೂರಾರು, ಸಾವಿರಾರು ಸಲ ಹೀಗೆ ಅಂಟಿ ಜಾರಿದಾಗ ಕೀರಲು ಸದ್ದು ಬರುತ್ತದೆ. ಬಾಗಿಲಿನ ಹಳೇ ತಿರುಗಣೆ ಕೂಗುವುದೂ ಪಿಟೀಲಿನ ತಂತಿ ಹಾಡುವುದೂ ಇದೇ ರೀತಿ. ಮನುಷ್ಯನ ಕಿವಿ ಅತಿ ಚುರುಕಾಗಿರುವುದು 2,000ದಿಂದ 5,000 ಹರ್ಟ್ಸ್ ನಡುವೆ. ಕೀರಲು ಸದ್ದು ಬಹಳಷ್ಟು ಬೀಳುವುದು ಅಲ್ಲಿಯೇ. ಹಾಗಾಗಿ ಎಂಜಿನ್ನಿನ ಗುರ್ ಎನ್ನುವ ಶಬ್ದವನ್ನು ಮರೆತೇಬಿಡುವ ಚಾಲಕನಿಗೆ ಈ ಸಣ್ಣ ‘ಕೀಂಯ್’ ತಲೆ ಕೊರೆಯುತ್ತದೆ. ಇದಕ್ಕೆ ವಿರುದ್ಧವಾಗಿ ‘ಟಕ್ ಟಕ್’, ‘ಗಡಗಡ’ ಎಂಬುದು ಬಡಿತದ ಸದ್ದು. ಅಲ್ಲಿ ಏನೋ ಸಡಿಲವಾಗಿದೆ ಎಂದು ಅರ್ಥ. ಗ್ಯಾರೇಜಿನಲ್ಲಿ ಬರೀ ‘ಸೌಂಡ್ ಉಂಟು’ ಎನ್ನುವ ಬದಲು ಉಜ್ಜುವ ಸದ್ದೋ ಬಡಿಯುವ ಸದ್ದೋ ಎಂದು ಹೇಳಿದರೆ ಅರ್ಧ ಕೆಲಸ ಅಲ್ಲಿಗೇ ಮುಗಿಯಿತು.

ಉಳಿದರ್ಧ, ಸದ್ದು ಯಾವಾಗ ಬರುತ್ತದೆ ಎಂಬುದು. ಹಂಪ್, ಗುಂಡಿಗೆ ಮಾತ್ರವೋ? ಸಮತಟ್ಟಾದ ರಸ್ತೆಯಲ್ಲೂ ಉಂಟೋ? ವೇಗ ಹೆಚ್ಚಿದಂತೆ ಸದ್ದಿನ ತಾಳವೂ ಬೇಗವಾಗುತ್ತದೆಯೋ? ಬ್ರೇಕ್ ಮೆಟ್ಟಿದಾಗ ಬದಲಾಗುತ್ತದೆಯೋ? ಮಳೆ ಬಂದ ದಿನ ನಿಂತುಹೋಗುತ್ತದೆಯೋ? ಹಿಂದೆ ಜನ ಕೂತರೆ ನಿಲ್ಲುತ್ತದೆಯೋ? ಎರಡು ದಿನ ಗಮನವಿಟ್ಟು ಇವಿಷ್ಟನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಂಡವರು ಒಂದು ಪಾನಾ ಹಿಡಿಯುವ ಮೊದಲೇ ಮುಕ್ಕಾಲು ಪಾಲು ಅನುಮಾನಗಳನ್ನು ತಳ್ಳಿಹಾಕಬಹುದು.

ಮೊದಲು ಮಾಡಬೇಕಾದ್ದು ದುಡ್ಡು ಖರ್ಚಿಲ್ಲದ ಕೆಲಸ. ಡಿಕ್ಕಿಯಲ್ಲಿರುವ ಎಲ್ಲವನ್ನೂ ಹೊರಗೆ ಹಾಕಬೇಕು. ಜ್ಯಾಕ್, ಪಾನಾ, ಎಚ್ಚರಿಕೆಯ ತ್ರಿಕೋನ, ಮಕ್ಕಳ ಸೀಟು, ಯಾವಾಗಲೋ ಇಟ್ಟು ಮರೆತ ಕೊಡೆ, ನೀರಿನ ಕ್ಯಾನ್, ಪಾರ್ಸೆಲ್ ಟ್ರೇ, ಎಲ್ಲವೂ. ಆಮೇಲೆ ಸದ್ದು ಬರುವ ಅದೇ ರಸ್ತೆಯಲ್ಲಿ ಗಾಡಿ ಓಡಿಸಬೇಕು. ಇಲ್ಲಿ ಒಂದು ಕಿವಿಮಾತು: ಓಡಿಸುವವರೇ ಕೇಳಿಸಿಕೊಳ್ಳಲು ಹೊರಟರೆ ದಾರಿ ತಪ್ಪುತ್ತದೆ. ಗಾಡಿಯ ಒಳಗೆ ಗಾಜು, ರೂಫ್‌ಗಳಿಗೆ ಬಡಿದು ಸದ್ದು ಮೂಲದ ಜಾಗ ಬಿಟ್ಟು ಬೇರೆಲ್ಲಿಂದಲೋ ಬಂದಂತೆ ಕೇಳುತ್ತದೆ. ಮಧ್ಯದ ಬಾಗಿಲಿನ ರಬ್ಬರ್ ಕೂಗಿದರೂ ಚಾಲಕನಿಗೆ ಅದು ‘ಹಿಂದೆ’ಯೇ. ಇನ್ನೊಬ್ಬರಿಗೆ ಸ್ಟಿಯರಿಂಗ್ ಕೊಟ್ಟು, ಅನುಮಾನ ಇರುವವರು ಹಿಂದಿನ ಸೀಟಿನಲ್ಲಿ ಕೂರಬೇಕು. ಕಿಟಕಿ ಮುಚ್ಚಿ, ಎಸಿ ಫ್ಯಾನ್ ಮತ್ತು ಸ್ಟೀರಿಯೋ ಬಂದ್ ಮಾಡಬೇಕು. ನಿಜ ಹೇಳಬೇಕೆಂದರೆ ಮೂರನೇ ಸಾಲಿನಲ್ಲಿ ಕೂರುವ ಮಕ್ಕಳಿಗೆ, ನಡುವಿನ ಸೀಟಿನ ಉಮ್ಮನಿಗೆ ಈ ಸದ್ದಿನ ಜಾಗ ಗಾಡಿಯ ಮಾಲಕರಿಗಿಂತ ಮೊದಲೇ ಗೊತ್ತಿರುತ್ತದೆ. ಕೇಳಿದರೆ ಸಾಕು.

ಹಿಂದಿನ ಸೀಟನ್ನು ಕೈಯಿಂದ ಒತ್ತಿ ಹಿಡಿದಾಗ ಸದ್ದು ನಿಂತರೆ ಉತ್ತರ ಸಿಕ್ಕಿತು. ಮಡಚುವ ಸೀಟುಗಳ ಬೆನ್ನು ಗಾಡಿಯ ಬಾಡಿಯಲ್ಲಿರುವ ಲೋಹದ ಕೊಂಡಿಗೆ ಕಚ್ಚಿಕೊಂಡು ನಿಲ್ಲುತ್ತದೆ. ಅಲ್ಲಿನ ಪ್ಲಾಸ್ಟಿಕ್ ಹೊದಿಕೆ ಸವೆದಾಗ ಲೋಹಕ್ಕೆ ಲೋಹ ಉಜ್ಜುತ್ತದೆ. ಜನ ಕೂತರೆ ಭಾರಕ್ಕೆ ಬಿಗಿಯಾಗಿ ಸದ್ದು ನಿಲ್ಲುತ್ತದೆ. ಮೊದಲು ಹೇಳಿದ ಏಳು ಸೀಟಿನ ಗಾಡಿಯಲ್ಲಿ ಮೊತ್ತಮೊದಲು ಅನುಮಾನಿಸಬೇಕಾದ್ದು ಇದನ್ನೇ. ಕೊಂಡಿಗೆ ಬಟ್ಟೆಯ ಟೇಪ್ ಸುತ್ತಿ ಓಡಿಸಿ ನೋಡಿದರೆ ಗೊತ್ತಾಗುತ್ತದೆ. ಎರಡು ಬೆಲ್ಟ್ ಬಕಲ್‌ಗಳು ಒಂದಕ್ಕೊಂದು ತಾಗುವುದು, ಹೊರಗೆ ಹಾಕಿಸಿದ ರೆಕ್ಸಿನ್ ಸೀಟ್ ಕವರ್ ಪಕ್ಕದ ಪ್ಲಾಸ್ಟಿಕ್‌ಗೆ ಉಜ್ಜುವುದು ಕೂಡ ಸಾಮಾನ್ಯ. ಹೊಸ ಸೀಟ್ ಕವರ್ ಹಾಕಿಸಿದ ವಾರದಲ್ಲೇ ಶುರುವಾದ ಸದ್ದಿಗೆ ಸಸ್ಪೆನ್ಷನ್ ಬಿಚ್ಚುವುದು ವ್ಯರ್ಥ.

ಮುಂದಿನದು ಹಿಂಬಾಗಿಲು. ಇಷ್ಟು ದೊಡ್ಡ ಬಾಗಿಲು ಸುತ್ತಲಿನ ರಬ್ಬರ್ ಬೀಡಿಂಗ್, ಲಾಕ್‌ನ ಕೊಂಡಿ, ಬದಿಯ ರಬ್ಬರ್ ಗುಂಡಿಗಳ ಮೇಲೆ ನಿಂತಿರುತ್ತದೆ. ಮುರಕಲ್ಲಿನ ಕೆಂಪು ಧೂಳು ಬೀಡಿಂಗ್ ಮೇಲೆ ಕೂತು ಒಣಗಿದರೆ ಪ್ರತಿ ಅಲುಗಾಟಕ್ಕೂ ಕಿರುಚುತ್ತದೆ. ಒದ್ದೆ ಬಟ್ಟೆಯಲ್ಲಿ ಬೀಡಿಂಗ್ ಮತ್ತು ಅದು ತಾಗುವ ಬಾಡಿಯನ್ನು ಒರೆಸಿ, ತೆಳುವಾಗಿ ಸಿಲಿಕೋನ್ ಸ್ಪ್ರೇ ಸವರಿದರೆ ಬಹಳಷ್ಟು ಸಲ ಅಲ್ಲಿಗೇ ಮುಗಿಯುತ್ತದೆ. ರಬ್ಬರ್ ಗುಂಡಿಗಳು ಹಲವು ಗಾಡಿಗಳಲ್ಲಿ ತಿರುಪಿನಂತೆ ತಿರುಗುತ್ತವೆ; ಅರ್ಧ ಸುತ್ತು ಹೊರಗೆ ತಂದರೆ ಬಾಗಿಲು ಬಿಗಿಯಾಗುತ್ತದೆ. ಬೊಲೆರೊ, ಥಾರ್‌ಗಳಂತೆ ಬಾಗಿಲಿಗೇ ಸ್ಟೆಪ್ನಿ ನೇತುಹಾಕಿದ ಗಾಡಿಗಳಲ್ಲಿ ಅಷ್ಟೂ ಭಾರ ಹಿಂಜ್ ಮೇಲೆ ಬೀಳುತ್ತದೆ. ಅಲ್ಲಿ ಮೊದಲು ಹಿಂಜ್‌ಗೆ ಗ್ರೀಸ್.

ಇನೋವಾ, ಸ್ಕಾರ್ಪಿಯೋ, ಫಾರ್ಚೂನರ್‌ನಂಥವುಗಳಲ್ಲಿ ಸ್ಟೆಪ್ನಿ ಇರುವುದು ಗಾಡಿಯ ಅಡಿಯಲ್ಲಿ. ಪಂಕ್ಚರ್ ಅಂಗಡಿಯಲ್ಲಿ ಇಳಿಸಿ ಹಾಕುವಾಗ ಪೂರ್ತಿ ಬಿಗಿಯಾಗದಿದ್ದರೆ ಅದು ಸಣ್ಣಗೆ ತೂಗುತ್ತಾ ಕೀರುತ್ತದೆ. ಇದು ಬರೀ ಕಿರಿಕಿರಿಯ ವಿಷಯವಲ್ಲ. ಉಪ್ಪುಗಾಳಿ ಮತ್ತು ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆ ಇರುವ ಈ ಊರುಗಳಲ್ಲಿ ಆ ಚಕ್ರವನ್ನು ಎತ್ತಿ ಹಿಡಿದಿರುವ ಕೇಬಲ್ ಅಥವಾ ಚೈನ್ ಯಾರ ಕಣ್ಣಿಗೂ ಬೀಳದೆ ತುಕ್ಕು ಹಿಡಿಯುತ್ತದೆ. ಹೆದ್ದಾರಿಯಲ್ಲಿ ಅದು ತುಂಡಾಗಿ ಚಕ್ರ ಬಿದ್ದರೆ ಹಿಂದೆ ಬರುವ ಬೈಕ್ ಸವಾರನ ಗತಿ ಏನು? ವರ್ಷಕ್ಕೊಮ್ಮೆ ಇಳಿಸಿ, ನೋಡಿ, ಗ್ರೀಸ್ ಹಾಕಿ, ಮತ್ತೆ ಬಿಗಿಯಾಗಿ ಎತ್ತಿಸಬೇಕು.

ಒಳಗೆಲ್ಲ ನೋಡಿದ ಮೇಲೂ ಸದ್ದು ಉಳಿದರೆ ಈಗ ಸಸ್ಪೆನ್ಷನ್. ಹಂಪ್‌ನಲ್ಲಿ ಮಾತ್ರ ಬರುತ್ತದೆ, ಮಳೆಯಲ್ಲಿ ನಿಲ್ಲುತ್ತದೆ, ಬಿಸಿಲು ಬಿದ್ದ ಎರಡನೇ ದಿನ ವಾಪಸ್ ಬರುತ್ತದೆ ಎಂದಾದರೆ ಬಹುತೇಕ ಅದು ರಬ್ಬರ್ ಬುಷ್. ನೀರು ಸ್ವಲ್ಪ ಹೊತ್ತು ಜಾರುವಂತೆ ಮಾಡುತ್ತದೆ, ಅಷ್ಟೇ. ಜೂನ್‌ನಿಂದ ಸೆಪ್ಟೆಂಬರ್ ತನಕ ಸುಮ್ಮನಿದ್ದ ಗಾಡಿ ಚಳಿಗಾಲ ಬಂದಾಗ ಕೂಗಲು ಶುರುಮಾಡುವುದು ಹೀಗೆ. ಇದನ್ನೇ ಪರೀಕ್ಷೆಯಾಗಿ ಬಳಸಬಹುದು. ಗಾಡಿಯನ್ನು ಪಿಟ್ ಅಥವಾ ರ್‍ಯಾಂಪ್ ಮೇಲೆ ನಿಲ್ಲಿಸಿ ಒಬ್ಬರು ಹಿಂದಿನ ಬಂಪರ್ ಒತ್ತಿ ಕುಲುಕಿಸುತ್ತಿರಬೇಕು, ಇನ್ನೊಬ್ಬರು ಬಟ್ಟೆ ಇಸ್ತ್ರಿ ಮಾಡುವಾಗ ನೀರು ಚಿಮುಕಿಸುವ ಬಾಟಲಿಯಿಂದ ಒಂದೊಂದೇ ಬುಷ್‌ಗೆ ನೀರು ಹೊಡೆಯಬೇಕು. ಶಾಕ್‌ನ ಮೇಲಿನ ಬುಷ್, ಕೆಳಗಿನದು, ಸ್ಟೆಬಿಲೈಸರ್ ಬಾರ್‌ನದು, ಸ್ಪ್ರಿಂಗ್ ಕೂರುವ ರಬ್ಬರ್ ಪ್ಯಾಡ್. ಯಾವುದಕ್ಕೆ ನೀರು ಬಿದ್ದಾಗ ಸದ್ದು ನಿಲ್ಲುತ್ತದೋ ಅದೇ ಕಳ್ಳ. ಬರೀ ಜ್ಯಾಕ್ ಕೊಟ್ಟು ಅಡಿಗೆ ನುಗ್ಗುವ ಸಾಹಸ ಮಾತ್ರ ಬೇಡ. ಜ್ಯಾಕ್ ಜಾರಿದರೆ ಜೀವ ಹೋಗುತ್ತದೆ.

ಬುಷ್ ಸಿಕ್ಕಿತೆಂದು ಅದಕ್ಕೆ ಎಂಜಿನ್ ಆಯಿಲ್, ಡೀಸೆಲ್, ಸಾಮಾನ್ಯ ಗ್ರೀಸ್ ಹಾಕುವುದು ನಮ್ಮಲ್ಲಿ ರೂಢಿ. ಸದ್ದು ಅಂದೇ ನಿಲ್ಲುವುದರಿಂದ ಎಲ್ಲರಿಗೂ ಖುಷಿ. ಆದರೆ ಪೆಟ್ರೋಲಿಯಂ ಎಣ್ಣೆ ತಾಗಿದ ನೈಸರ್ಗಿಕ ರಬ್ಬರ್ ಉಬ್ಬಿ, ಮೆತ್ತಗಾಗಿ, ಬೇಗ ಹಾಳಾಗುತ್ತದೆ. ರಬ್ಬರ್‌ಗೆ ಸಿಲಿಕೋನ್ ಗ್ರೀಸ್ ಅಥವಾ ಸಿಲಿಕೋನ್ ಸ್ಪ್ರೇ ಸರಿ. ಅದೂ ಬ್ರೇಕ್ ಡಿಸ್ಕ್, ಡ್ರಮ್ ಕಡೆಗೆ ಒಂದು ಹನಿಯೂ ಹಾರಬಾರದು. ರಬ್ಬರ್ ಬಿರುಕು ಬಿಟ್ಟಿದ್ದರೆ ಯಾವ ಸ್ಪ್ರೇಯೂ ಪ್ರಯೋಜನವಿಲ್ಲ, ಬದಲಿಸಬೇಕು.

ಬದಲಿಸುವಾಗ ಒಂದು ತಪ್ಪು ಪದೇ ಪದೇ ನಡೆಯುತ್ತದೆ. ರಬ್ಬರ್ ಮತ್ತು ಲೋಹ ಅಂಟಿಸಿ ಮಾಡಿದ ಬುಷ್ ಒಳಗೆ ಏನೂ ಜಾರುವುದಿಲ್ಲ, ರಬ್ಬರ್ ತಿರುಚಿಕೊಂಡೇ ಕೆಲಸ ಮಾಡುತ್ತದೆ. ಗಾಡಿ ಎತ್ತಿ, ಚಕ್ರ ಕೆಳಗೆ ಜೋತುಬಿದ್ದಿರುವಾಗಲೇ ಬೋಲ್ಟ್ ಪೂರ್ತಿ ಬಿಗಿದರೆ ಅದೇ ಭಂಗಿಯಲ್ಲಿ ಬುಷ್ ಲಾಕ್ ಆಗುತ್ತದೆ. ಗಾಡಿ ಕೆಳಗಿಳಿದ ಕೂಡಲೇ ಅದು ತಿರುಚಿ ನಿಲ್ಲುತ್ತದೆ, ದಿನವಿಡೀ ಅದೇ ಒತ್ತಡದಲ್ಲಿ ಇರುತ್ತದೆ. ಕೆಲವು ತಿಂಗಳಲ್ಲಿ ಹೊಸ ಬುಷ್ ಹರಿಯುತ್ತದೆ, ಸದ್ದು ವಾಪಸ್. ‘ಡೂಪ್ಲಿಕೇಟ್ ಪಾರ್ಟ್ಸ್ ಹಾಕಿದ್ದಾರೆ’ ಎಂದು ಜಗಳ ಶುರುವಾಗುವುದು ಇಲ್ಲಿ. ಬಹಳ ಸಲ ಪಾರ್ಟ್ಸ್ ತಪ್ಪಲ್ಲ. ನಾಲ್ಕೂ ಚಕ್ರದ ಮೇಲೆ ಗಾಡಿಯ ಭಾರ ಬಿದ್ದಿರುವಾಗಲೇ ಕೊನೆಯ ಬಿಗಿತ ಕೊಡಬೇಕು ಎಂದು ಮೊದಲೇ ಹೇಳಿದರೆ ಒಳ್ಳೆಯ ಮೆಕ್ಯಾನಿಕ್ ಬೇಸರ ಮಾಡಿಕೊಳ್ಳುವುದಿಲ್ಲ.

ಬೊಲೆರೊದಂತೆ ಹಿಂದೆ ಲೀಫ್ ಸ್ಪ್ರಿಂಗ್ ಇರುವ ಗಾಡಿಯ ಲೆಕ್ಕ ಬೇರೆ. ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು ಸ್ವಭಾವತಃ ಉಜ್ಜಿಕೊಳ್ಳುತ್ತವೆ. ನಡುವೆ ಮಣ್ಣು, ತುಕ್ಕು ಸೇರಿದರೆ ಕೂಗುತ್ತವೆ. ತೊಳೆದು ಶುಚಿ ಮಾಡಿಸಿ ನೋಡಬೇಕು. ಆದರೆ ತೊಳೆಯುವಾಗ ಪಟ್ಟಿಯಲ್ಲಿ ಅಡ್ಡ ಬಿರುಕು ಕಂಡರೆ, ಅಥವಾ ಯಾವುದೇ ಗಾಡಿ ಹಿಂದಿನಿಂದ ನೋಡಿದಾಗ ಒಂದು ಬದಿಗೆ ಇಳಿದಂತಿದ್ದರೆ, ಅಲ್ಲಿಂದಾಚೆ ಓಡಿಸಬಾರದು. ಕಾಯಿಲ್ ಸ್ಪ್ರಿಂಗ್‌ನ ಕೆಳಗಿನ ಸುತ್ತು ತುಕ್ಕಿಗೆ ತುಂಡಾಗುವುದು ಕರಾವಳಿಯಲ್ಲಿ ಅಪರೂಪವೇನಲ್ಲ. ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಎರಡೂ ಬದಿ ಟೇಪ್ ಹಿಡಿದು ಅಳೆದರೆ ಗೊತ್ತಾಗುತ್ತದೆ.

ಇನ್ನು ರಸ್ತೆ ಎಷ್ಟೇ ನುಣುಪಾಗಿದ್ದರೂ ಬರುವ, ವೇಗದೊಂದಿಗೆ ಚುರುಕಾಗುವ ಸದ್ದು. ಇದು ತಿರುಗುವ ಭಾಗದ್ದು, ಮುಂದೂಡುವಂಥದ್ದಲ್ಲ. ಇಲ್ಲಿ ಒಂದು ಸರಳ ಲೆಕ್ಕ ಉಂಟು. ಇಂಥ ಗಾಡಿಯ ಚಕ್ರದ ಸುತ್ತಳತೆ ಹೆಚ್ಚುಕಡಿಮೆ 2.1ರಿಂದ 2.4 ಮೀಟರ್. ಗಂಟೆಗೆ 10 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಒಂದು ಸುತ್ತಿಗಿಂತ ತುಸು ಹೆಚ್ಚು ತಿರುಗುತ್ತದೆ. ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಅದರ ಸುಮಾರು 4 ಪಟ್ಟು. ಖಾಲಿ ರಸ್ತೆಯಲ್ಲಿ ನಿಧಾನ ಹೋಗುತ್ತಾ ಎಣಿಸಿದಾಗ ಸೆಕೆಂಡಿಗೆ ಒಂದು ‘ಕೀಂಯ್’ ಬಂದರೆ ಚಕ್ರ, ಬ್ರೇಕ್, ಬೇರಿಂಗ್ ಕಡೆ ನೋಡಬೇಕು. ನಾಲ್ಕೈದು ಸಲ ಹಕ್ಕಿ ಕೂಗಿದಂತೆ ‘ಚಿಕ್ ಚಿಕ್ ಚಿಕ್’ ಬಂದರೆ ಶಾಫ್ಟ್‌ನ ಕ್ರಾಸ್ ಒಣಗಿದೆ ಎಂದು ಅನುಮಾನಿಸಬೇಕು. ಗೇರ್ ಹಾಕುವಾಗ ಕೆಳಗೆ ‘ಠಣ್’ ಎಂದರೆ ಅನುಮಾನ ಗಟ್ಟಿ. ಕ್ರಾಸ್ ಒಡೆದರೆ ಶಾಫ್ಟ್ ಕಳಚಿ ರಸ್ತೆಗೆ ಬೀಳುತ್ತದೆ. ಬ್ರೆಝಾ, ನೆಕ್ಸಾನ್‌ನಂತೆ ಮುಂದಿನ ಚಕ್ರ ಎಳೆಯುವ ಗಾಡಿಗಳಲ್ಲಿ ಈ ಶಾಫ್ಟೇ ಇಲ್ಲ, ಅವರಿಗೆ ಈ ಚಿಂತೆ ಬೇಡ.

ಬ್ರೇಕ್ ಪೆಡಲ್ ಮೆಲ್ಲಗೆ ಒತ್ತಿದಾಗ ಸದ್ದು ನಿಂತರೆ ಅಥವಾ ಬದಲಾದರೆ ಮೂಲ ಬ್ರೇಕ್‌ನಲ್ಲಿದೆ. ಹಲವು ಡಿಸ್ಕ್ ಪ್ಯಾಡ್‌ಗಳಲ್ಲಿ ಒಂದು ಸಣ್ಣ ಲೋಹದ ನಾಲಗೆ ಇರುತ್ತದೆ. ಪ್ಯಾಡ್ ಸವೆದಾಗ ಅದು ಡಿಸ್ಕ್‌ಗೆ ತಾಗಿ ಕಿರುಚುವಂತೆ ಬೇಕೆಂದೇ ಮಾಡಿದ್ದು. ರಾತ್ರಿ ಮಳೆಯಲ್ಲಿ ನಿಂತ ಗಾಡಿ ಬೆಳಗ್ಗೆ ಮೊದಲ ನಾಲ್ಕೈದು ಬ್ರೇಕ್‌ಗೆ ಕರ್ ಎಂದು ಆಮೇಲೆ ಸುಮ್ಮನಾದರೆ ಅದು ಡಿಸ್ಕ್ ಮೇಲಿನ ತೆಳು ತುಕ್ಕು, ಹೆದರಬೇಕಿಲ್ಲ. ದಿನವಿಡೀ ಮುಂದುವರಿದರೆ ಚಕ್ರ ಬಿಚ್ಚಿಸಿ ನೋಡಲೇಬೇಕು.

ಗಲ್ಫ್‌ನಿಂದ ರಜೆಗೆ ಬಂದು ವರ್ಷವಿಡೀ ಅಂಗಳದಲ್ಲಿ ನಿಂತಿದ್ದ ಗಾಡಿ ತೆಗೆಯುವವರಿಗೆ ಇವೆಲ್ಲಾ ಒಟ್ಟಿಗೆ ಎದುರಾಗುತ್ತವೆ. ಡ್ರಮ್ ಒಳಗೆ ತುಕ್ಕು, ಒಣಗಿದ ಬೀಡಿಂಗ್, ಇಲಿ ಕಚ್ಚಿದ ರಬ್ಬರ್. ಬಂದ ದಿನವೇ ಮನೆಯವರನ್ನು ಕೂರಿಸಿ ಘಟ್ಟ ಹತ್ತುವ ಬದಲು, ಮೊದಲು ಬ್ರೇಕ್ ಮತ್ತು ಸ್ಪ್ರಿಂಗ್ ನೋಡಿಸುವುದು ಒಳ್ಳೆಯದು. ಮತ್ತೆ ನಿಲ್ಲಿಸಿ ಹೋಗುವಾಗ ಸಮತಟ್ಟು ಜಾಗದಲ್ಲಿ ಗೇರ್‌ನಲ್ಲಿ ಬಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಹಾಕದೆ ಇಟ್ಟರೆ ಹಿಂದಿನ ಬ್ರೇಕ್ ಅಂಟಿಕೊಳ್ಳುವುದಿಲ್ಲ.

ಗ್ಯಾರೇಜಿಗೆ ಕೊಡುವಾಗ ಜಾಬ್ ಕಾರ್ಡ್‌ನಲ್ಲಿ ‘ಹಿಂದೆ ಸೌಂಡ್’ ಎಂದಷ್ಟೇ ಬರೆಸಿದರೆ ಊಹೆಯ ರಿಪೇರಿ ಶುರುವಾಗುತ್ತದೆ. ‘ಗಂಟೆಗೆ 20 ಕಿ.ಮೀ. ವೇಗದಲ್ಲಿ, ಹಂಪ್ ಇಳಿಯುವಾಗ, ಎಡ ಹಿಂಬದಿ, ಒಣ ಹವೆಯಲ್ಲಿ ಮಾತ್ರ, ಜನ ಕೂತರೂ ನಿಲ್ಲುವುದಿಲ್ಲ’ ಎಂದು ಬರೆಸಬೇಕು. ಮೆಕ್ಯಾನಿಕ್‌ನನ್ನು ಪಕ್ಕದಲ್ಲಿ ಕೂರಿಸಿ ಅದೇ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಸದ್ದು ಕೇಳಿಸಬೇಕು. ಬದಲಿಸಿದ ಹಳೇ ಭಾಗವನ್ನು ಕೇಳಿ ಪಡೆಯಬೇಕು. ಶಾಕ್ ಬದಲಿಸಲೇಬೇಕು ಎಂದರೆ ಎಣ್ಣೆ ಸೋರಿದ ಗುರುತು ತೋರಿಸಿ ಎನ್ನಬಹುದು. ಸೋರಿಕೆಯೂ ಇಲ್ಲ, ಒತ್ತಿ ಬಿಟ್ಟಾಗ ಗಾಡಿ ಎರಡು ಮೂರು ಸಲ ಕುಣಿಯುವುದೂ ಇಲ್ಲ ಎಂದಾದರೆ, ಮೊದಲು ನೂರಿನ್ನೂರು ರೂಪಾಯಿಯ ಬುಷ್ ಅನ್ನೇ ನೋಡಲು ಹೇಳುವುದು ವಾಸಿ.