ಅಪ್ಪಣೆಗೊಂದು ಒಳದಾರಿ

ಕಂಪ್ಯೂಟರ್ ಉದ್ಯೋಗದಲ್ಲಿರುವ ಮಗನೋ ಮಗಳೋ ಮನೆಯಲ್ಲಿ ಕುಳಿತು ಕೆಲಸಮಾಡುವಾಗ, ಚಿತ್ರಗಳಾಗಲಿ ಗುಂಡಿಗಳಾಗಲಿ ಇಲ್ಲದ ಕಪ್ಪು ತೆರೆಯ ಮೇಲೆ ಅಕ್ಷರಗಳು ಸಾಲುಸಾಲಾಗಿ ಮೂಡುವುದನ್ನು ಹಿರಿಯರು ಕಂಡಿರಬಹುದು. ಅಲ್ಲಿ ಬರೆದ ಅಪ್ಪಣೆಯನ್ನು ಓದಿ, ಅರ್ಥೈಸಿ, ಯಂತ್ರದಿಂದ ಕೆಲಸ ಮಾಡಿಸುವ ಮಧ್ಯಸ್ಥನಿಗೆ 'ಶೆಲ್' ಎಂದು ಹೆಸರು. ಶೆಲ್ ಎಂದರೆ ಚಿಪ್ಪು. ತಿರುಳನ್ನು ಚಿಪ್ಪು ಆವರಿಸಿರುವಂತೆ, ಇದು ಯಂತ್ರದ ಮೂಲ ವ್ಯವಸ್ಥೆಯನ್ನು ಆವರಿಸಿಕೊಂಡಿದೆ.

ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚಿ 1969ರಲ್ಲಿ ಆರಂಭಿಸಿದ ಯುನಿಕ್ಸ್ ವ್ಯವಸ್ಥೆಗೆ 1971ರಲ್ಲಿ ಥಾಮ್ಸನ್ನರ ಶೆಲ್ ದೊರೆಯಿತು. ಆಗ ಅಪ್ಪಣೆ ಕೊಡಲು ಇದ್ದುದು ಸೆಕೆಂಡಿಗೆ 10 ಅಕ್ಷರಗಳನ್ನಷ್ಟೇ ಅಚ್ಚೊತ್ತುತ್ತಿದ್ದ ಟೆಲಿಟೈಪ್ ಯಂತ್ರ. ಇಂತಹ ಯಂತ್ರಕ್ಕೆ ಚುಟುಕು ಹೆಸರುಗಳೇ ಒಪ್ಪುತ್ತಿದ್ದವು. ಕಡತಗಳ ಪಟ್ಟಿಗೆ 'ಎಲ್‌ಎಸ್', ನಕಲಿಗೆ 'ಸಿಪಿ', ಅಳಿಸಲು 'ಆರ್‌ಎಂ' - ಎಲ್ಲವೂ ಎರಡೇ ಅಕ್ಷರ.

ಮನುಷ್ಯನಿಗೆ ಅಷ್ಟೂ ಸಾಲದಾಯಿತು. 1970ರ ದಶಕದ ಕೊನೆಯಲ್ಲಿ ಬರ್ಕ್‌ಲಿಯ ಬಿಲ್ ಜಾಯ್ ರಚಿಸಿದ ಸಿ ಶೆಲ್, ಹಿಂದಿನ ಅಪ್ಪಣೆಗಳನ್ನು ನೆನಪಿಟ್ಟುಕೊಂಡಿತು. ಉದ್ದನೆಯ ಅಪ್ಪಣೆಗೆ ಅಡ್ಡಹೆಸರಿಡುವ ಅನುಕೂಲವನ್ನೂ ಒದಗಿಸಿತು. 1989ರಲ್ಲಿ ಬ್ರಯಾನ್ ಫಾಕ್ಸ್ ಅವರ ಬ್ಯಾಷ್ ಬಂದಿತು. 1990ರಲ್ಲಿ ಪ್ರಿನ್ಸ್‌ಟನ್ ವಿದ್ಯಾರ್ಥಿ ಪಾಲ್ ಫಾಲ್‌ಸ್ಟಾಡ್ ಅವರ ಜೆಡ್ ಶೆಲ್ ಬಂದಿತು. ಆ್ಯಪಲ್ ಸಂಸ್ಥೆ 2019ರಲ್ಲಿ ತನ್ನ ಮ್ಯಾಕ್ ಯಂತ್ರಗಳಿಗೆ ಜೆಡ್ ಶೆಲ್ಲನ್ನೇ ಆರಿಸಿಕೊಂಡಿತು.

ಈ ಶೆಲ್ಲಿಗೆ ಆಭರಣಗಳಂತೆ ಜೋಡಿಸುವ ಕಿರುಕಾರ್ಯಕ್ರಮಗಳೇ ಪ್ಲಗಿನ್‌ಗಳು. 2009ರಲ್ಲಿ ರಾಬಿ ರಸೆಲ್ ಆರಂಭಿಸಿದ 'ಓ ಮೈ ಜೆಡ್ ಶೆಲ್' ಎಂಬ ಸಂಗ್ರಹವೊಂದರಲ್ಲಿಯೇ ಮುನ್ನೂರಕ್ಕೂ ಹೆಚ್ಚು ಪ್ಲಗಿನ್‌ಗಳಿವೆ. ಅದರಲ್ಲಿನ ಒಂದು ಪ್ಲಗಿನ್ 'ಗಿಟ್ ಸ್ಟೇಟಸ್' ಎಂಬ ಹತ್ತು ಕೀಲಿಗಳ ಅಪ್ಪಣೆಯನ್ನು ಮೂರಕ್ಕೆ ಇಳಿಸುತ್ತದೆ. ಬೇರೆಯಾಗಿ ದೊರೆಯುವ ಇನ್ನೊಂದು, ಬಳಕೆದಾರನು ಎರಡಕ್ಷರ ಒತ್ತುವಷ್ಟರಲ್ಲಿ ಹಳೆಯ ಅಪ್ಪಣೆಯನ್ನು ಮಸುಕಾಗಿ ತೋರಿಸುತ್ತದೆ.

ಆದರೆ ಅತಿಯಾದರೆ ಅಮೃತವೂ ವಿಷ. ಶೆಲ್ ಪ್ರತಿ ಬಾರಿ ತೆರೆದಾಗಲೂ ಈ ಪ್ಲಗಿನ್‌ಗಳೆಲ್ಲವನ್ನೂ ಓದಬೇಕು. ಹೊರೆ ಹೆಚ್ಚಿದಂತೆ ತೆರೆ ತಡಮಾಡುತ್ತದೆ. ಯಾವುದು ಎಷ್ಟು ಕಾಲ ಹಿಡಿಯಿತೆಂದು ಲೆಕ್ಕ ಹೇಳುವ 'ಜೆಡ್‌ಪ್ರೊಫ್' ಎಂಬ ಸಾಧನ ಜೆಡ್ ಶೆಲ್ಲಿನಲ್ಲಿಯೇ ಇದೆ. ಅದನ್ನು ನೋಡಿ, ಬೇಡದವನ್ನು ತೆಗೆದು, ಭಾರವಾದವುಗಳನ್ನು ಅಗತ್ಯಬಿದ್ದಾಗ ಮಾತ್ರ ಕರೆಯುವಂತೆ ಏರ್ಪಡಿಸುವುದು ಜಾಣತನ. ಪ್ಲಗಿನ್ನಿಗೆ ಬಳಕೆದಾರನ ಅಧಿಕಾರವೆಲ್ಲವೂ ದೊರೆಯುವುದರಿಂದ, ಅಪರಿಚಿತರು ಬರೆದುದನ್ನು ಪರೀಕ್ಷಿಸದೆ ಒಳಗೆ ಬಿಟ್ಟುಕೊಳ್ಳುವುದು ಮನೆಯ ಬೀಗದ ಕೈಯನ್ನು ದಾರಿಹೋಕನಿಗೆ ಕೊಟ್ಟಂತೆ.

ಇವೆರಡಕ್ಕಿಂತಲೂ ದೊಡ್ಡ ಅಪಾಯವೆಂದರೆ ಹಳೆಯ ಹೆಸರಿನ ಅರ್ಥವನ್ನೇ ಬದಲಿಸುವುದು. ಅಳಿಸುವ ಮುನ್ನ ಪ್ರಶ್ನಿಸಲಿ ಎಂದು ಹಲವರು 'ಆರ್‌ಎಂ' ಎಂಬ ಹೆಸರಿಗೇ ಹೊಸ ಅರ್ಥ ಕಟ್ಟುತ್ತಾರೆ. ಪ್ರಶ್ನೆ ಬಂದೇ ಬರುವುದೆಂದು ಕೈ ಪಳಗುತ್ತದೆ. ಒಂದು ದಿನ ಬೇರೊಂದು ಯಂತ್ರದ ಮುಂದೆ ಕುಳಿತಾಗ ಯಾವ ಪ್ರಶ್ನೆಯೂ ಬರುವುದಿಲ್ಲ, ಕಡತ ಮಾಯವಾಗಿರುತ್ತದೆ. 'ಆರ್‌ಎಂ' ಅಳಿಸಿದ್ದು ಕಸದ ಬುಟ್ಟಿಗೂ ಹೋಗುವುದಿಲ್ಲ. ಸಕ್ಕರೆಯ ಡಬ್ಬಿಯಲ್ಲಿ ಉಪ್ಪು ತುಂಬಿಟ್ಟ ಗೃಹಿಣಿಗೆ ತನ್ನ ಅಡುಗೆಮನೆಯಲ್ಲಿ ತೊಂದರೆಯಿಲ್ಲ. ನೆರೆಮನೆಯಲ್ಲಿ ಕಾಫಿ ಬೆರೆಸಲು ಹೋದಾಗಲೇ ಫಜೀತಿ! ಎಚ್ಚರಿಕೆಯ ಅಪ್ಪಣೆಗೆ ಬೇರೆಯೇ ಹೊಸ ಹೆಸರನ್ನಿಟ್ಟರೆ ಈ ಭಯವಿಲ್ಲ. ಹೊಸ ಹೆಸರು ಬೇರೊಂದು ಯಂತ್ರಕ್ಕೆ ತಿಳಿಯದಿದ್ದರೆ ಅದು 'ಗೊತ್ತಿಲ್ಲ' ಎಂದು ಹೇಳಿ ಸುಮ್ಮನಾಗುತ್ತದೆ.

ಹೊಸದನ್ನು ಸೇರಿಸುವ ಮೊದಲು ಇರುವುದನ್ನು ಅರಿಯುವುದು ಲೇಸು. 'ಕಂಟ್ರೋಲ್' ಮತ್ತು 'ಆರ್' ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಹಳೆಯ ಅಪ್ಪಣೆಗಳನ್ನು ಹುಡುಕಬಹುದು. ಇದಕ್ಕೆ ಯಾವ ಪ್ಲಗಿನ್ನೂ ಬೇಡ. ಹೆದ್ದಾರಿಯನ್ನು ಬಲ್ಲವನಿಗೇ ಒಳದಾರಿ ಕ್ಷೇಮ.