ಸವೆದ ಕೀಲಿನ ವಿಚಾರ

ಅಧ್ಯಾಪಕ ವೃತ್ತಿಯಲ್ಲಿ ನ್ಯಾಮತಿ, ಹೊನ್ನಾಳಿ, ಜಗಳೂರುಗಳನ್ನು ಸುತ್ತಿ, ಈಗ ನಿವೃತ್ತನಾಗಿ ಚನ್ನಗಿರಿಯಲ್ಲಿ ನೆಲಸಿರುವವನು ನಾನು. ಜಗಳೂರಿನ ಬಯಲಿನಲ್ಲಿ ಹರದಾರಿಗಟ್ಟಲೆ ನಡೆದ ಕಾಲುಗಳಿಗೆ ಇಂದು ನಮ್ಮೂರ ಕೋಟೆಬೆಟ್ಟದ ರಂಗನಾಥನ ದರ್ಶನವೇ ದುರ್ಲಭವಾಗಿದೆ.

ಮೊದಮೊದಲು ತೊಡೆಯ ಸಂದಿನಲ್ಲಿ ಅಲ್ಪಸ್ವಲ್ಪ ನೋವು ತೋರಿತು. ಎಣ್ಣೆ, ಕಾವುಗಳಿಂದ ಅದನ್ನು ಸಾಗಹಾಕಿದೆನು. ಮೂರು ವರ್ಷಗಳಲ್ಲಿ ಕೋಲು ಕೈಗೆ ಬಂದಿತು. ರಾತ್ರಿಯ ನಿದ್ರೆ ಹೋಯಿತು. ಕಾಲಿನ ಉಗುರು ತೆಗೆಯುವುದಕ್ಕೂ ಮನೆಯಾಕೆಯ ನೆರವು ಬೇಕಾದಾಗ ಮನಸ್ಸು ಕುಗ್ಗಿತು.

ಈ ಕೀಲಿನ ರಚನೆಯನ್ನು ವಾಚಕರು ತಿಳಿದಿರುವುದು ಒಳ್ಳೆಯದು. ಸುಶ್ರುತಾಚಾರ್ಯರು ಸಂಧಿಗಳನ್ನು ಎಂಟು ಬಗೆಯಾಗಿ ವಿಂಗಡಿಸಿ, ತೊಡೆಯ ಬುಡದ ಕೀಲನ್ನು ‘ಉಲೂಖಲ’, ಎಂದರೆ ಒರಳು, ಎಂಬ ವರ್ಗಕ್ಕೆ ಸೇರಿಸಿರುವರು. ತೊಡೆಯೆಲುಬಿನ ದುಂಡನೆಯ ತಲೆಯು ಒರಳಿನಂತಹ ಗುಳಿಯಲ್ಲಿ ಹೊರಳುವುದು. ಇವೆರಡಕ್ಕೂ ಹೊದಿಕೆಯಾದ ನುಣುಪಾದ ಮೃದ್ವಸ್ಥಿಯು ಸವೆದರೆ ಎಲುಬಿಗೆ ಎಲುಬು ಉಜ್ಜತೊಡಗುವುದು. ಹೀಗೆ ಸವೆದುದನ್ನು ಮೊದಲಿನಂತೆ ಮಾಡುವ ಔಷಧವು ಇಂದಿಗೂ ಇಲ್ಲ. ತೂಕವನ್ನು ಇಳಿಸುವುದು, ತಕ್ಕ ವ್ಯಾಯಾಮ, ನೋವಿನ ಮಾತ್ರೆ, ನೋವಿಲ್ಲದ ಕಡೆಯ ಕೈಯಲ್ಲಿ ಹಿಡಿದ ಕೋಲು, ಇವು ಮೊದಲ ಉಪಾಯಗಳು. ಇವು ಸೋತ ಮೇಲೆಯೇ ಶಸ್ತ್ರಚಿಕಿತ್ಸೆಯ ಮಾತು.

1962ರಲ್ಲಿ ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ ಎಂಬ ವೈದ್ಯರು ಲೋಹದ ಗುಂಡನ್ನೂ ಪಾಲಿಥೀನಿನ ಬಟ್ಟಲನ್ನೂ ಕೂಡಿಸಿ ಕೃತಕ ಕೀಲನ್ನು ಅಳವಡಿಸಿದರು. ಅವರೇ ಮೊದಲು ಬಳಸಿದ್ದ ಟೆಫ್ಲಾನಿನ ಬಟ್ಟಲುಗಳು ಬೇಗನೆ ಸವೆದು ವಿಫಲವಾಗಿದ್ದವು; ಆ ಸೋಲಿನಿಂದಲೇ ಈ ಗೆಲುವು ಹುಟ್ಟಿತು. ಇಂತಹ ಕೀಲುಗಳಲ್ಲಿ ನೂರಕ್ಕೆ ಸುಮಾರು 58 ಮಾತ್ರ 25 ವರ್ಷ ಬಾಳುವುವೆಂದು 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಲೆಕ್ಕವು ತಿಳಿಸುತ್ತದೆ.

ದಾವಣಗೆರೆಯ ವೈದ್ಯರು ಕ್ಷಕಿರಣದ ಚಿತ್ರವನ್ನು ತೋರಿಸಿ, “ಮೇಷ್ಟ್ರೇ, ನಾವು ಚಿಕಿತ್ಸೆ ಮಾಡುವುದು ಚಿತ್ರಕ್ಕಲ್ಲ, ನಿಮ್ಮ ಬಾಧೆಗೆ. ನಿರ್ಧಾರ ನಿಮ್ಮದು” ಎಂದರು. ಸೋಂಕು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವಿಕೆ, ಕೀಲು ಜಾರುವಿಕೆ, ಈ ಅಪಾಯಗಳನ್ನೂ ಮರೆಮಾಚಲಿಲ್ಲ. ನೆಲದ ಮೇಲೆ ಪದ್ಮಾಸನ ಹಾಕುವುದನ್ನು ಮಾತ್ರ ಇನ್ನು ಬಿಡಬೇಕೆಂದರು.

ಕತ್ತಿಗೆ ಅಂಜದ ನಾನು ಈ ಮಾತಿಗೆ ಅಂಜಿದೆನು. ಬಾಲ್ಯದಿಂದ ನೆಲದ ಮೇಲೆ ಕುಳಿತೇ ಸಂಧ್ಯೆಯನ್ನೂ ಪಾಠವನ್ನೂ ಊಟವನ್ನೂ ನಡೆಸಿದವನಲ್ಲವೆ? ಒಂದು ತಿಂಗಳು ಉತ್ತರವನ್ನೇ ಕೊಡಲಿಲ್ಲ. ಕಡೆಗೆ ಮನೆಯಾಕೆ, “ಎರಡು ವರ್ಷದಿಂದ ನೀವು ಕುರ್ಚಿಯ ಮೇಲೆಯೇ ಕೂತಿದ್ದೀರಲ್ಲ! ಇಲ್ಲದ್ದನ್ನು ಕಳೆದುಕೊಳ್ಳುವುದು ಹೇಗೆ?” ಎಂದಳು. ತರ್ಕಶಾಸ್ತ್ರವನ್ನು ಓದಿದವನು ನಾನು. ತರ್ಕವನ್ನು ನುಡಿದವಳು ಅವಳು.

ಮರುದಿನವೇ ಒಪ್ಪಿಗೆಯನ್ನು ತಿಳಿಸಿದೆನು. ಈಗ ಹುಳುಕುಹಲ್ಲಿಗೆ ಚಿಕಿತ್ಸೆಯಾಗಿದೆ, ಸಕ್ಕರೆಯು ಹತೋಟಿಗೆ ಬಂದಿದೆ, ಮನೆಯ ಶೌಚಗೃಹದಲ್ಲಿ ಎತ್ತರದ ಪೀಠವನ್ನು ಕೂಡಿಸಿದ್ದೇವೆ. ಗೃಹಸ್ಥರಲ್ಲಿ ನನ್ನ ಬಿನ್ನಹವಿಷ್ಟೆ: ನೋವನ್ನು ಬಚ್ಚಿಡಬೇಡಿರಿ, ಶಸ್ತ್ರಕ್ಕೆ ಆತುರಪಡಲೂ ಬೇಡಿರಿ, ಆದರೆ ಕಳೆದುಹೋದುದನ್ನು ಕಾಯುತ್ತ ಉಳಿದುದನ್ನೂ ಕಳೆದುಕೊಳ್ಳಬೇಡಿರಿ.